ಗುರುವಾರ ತಪ್ಪದ ಬ್ಲಾಗು

ಹೊತ್ತಿಗೆ ಸರಿಯಾಗಿ ಒಂದು ಕೆಲಸ ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿದ ದಿನದಿಂದ ಮನುಷ್ಯನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನನಗಂತೂ ವಾರವಾರವೂ ಆಯಿತು.

ಶಿಕಾರಿಪುರದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಭತ್ತದ ಬೀಜ ಕೇಳಲು ಬಂದವರು ಬೀಜ ಒಯ್ಯುವ ಮೊದಲು ಅರ್ಧ ಊರಿನ ಸುದ್ದಿಯನ್ನು ಕೌಂಟರಿನ ಮೇಲೆ ಸುರಿಯುತ್ತಾರೆ. ಅದನ್ನೆಲ್ಲ ಬರೆಯೋಣವೆಂದು ಒಂದು ಬ್ಲಾಗ್ ತೆರೆದೆ. ಮೊದಲ ವಾರ ದಿನಕ್ಕೊಂದು ಬರೆದೆ. ಆಮೇಲೆ ಮಳೆಗಾಲ ಮುಗಿಯುವವರೆಗೂ ಒಂದಕ್ಷರ ಬರೆಯಲಿಲ್ಲ. ಹೆಂಡತಿ ನಕ್ಕಳು, ನನಗೆ ರೋಷ ಬಂತು. ಇನ್ನು ಮೇಲೆ ವಾರಕ್ಕೊಂದು ಬರಹ, ಗೊತ್ತಾದ ದಿನ, ಬೆಳಿಗ್ಗೆ ಏಳು ಗಂಟೆಗೆ. ಒಂದೇ ಒಂದು ವಾರ ತಪ್ಪಿದರೂ ಬ್ಲಾಗ್ ಮುಚ್ಚಿಬಿಡುತ್ತೇನೆ ಎಂದು ಮನೆಮಂದಿಯ ಎದುರು ಹೇಳಿಬಿಟ್ಟೆ. ಹಾಗೆ ಮುಚ್ಚಿದರೆ ಬೆಳಗಿನ ಹೊತ್ತು ಎಮ್ಮೆ ಕರೆಯುವ ಕೆಲಸ ನನ್ನದು ಎಂದು ಅವಳು ಅಲ್ಲೇ ತೀರ್ಮಾನ ಮಾಡಿದಳು. ನಮ್ಮ ಎಮ್ಮೆ ಒದೆಯುವುದರಲ್ಲಿ ಕೇರಿಗೇ ಹೆಸರುವಾಸಿ.

ಎತ್ತಿನ ರಜೆ

ಮೊದಲು ದಿನ ಗೊತ್ತುಮಾಡಬೇಕಿತ್ತು. ವಾರದ ಆರಂಭ ಚೆನ್ನಾಗಿರಲಿ ಎಂದು ಸೋಮವಾರ ಅಂದೆ. ಅಪ್ಪ ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನಿಗೆ ಬಿಡುವಿನ ದಿನ. ಅಜ್ಜನ ಕಾಲದಿಂದ ನಡೆದು ಬಂದದ್ದು.

ನಾನು ಬರೆಯುವುದು ಬೇಸಾಯ ಅಲ್ಲವಲ್ಲ ಎಂದು ವಾದ ಮಾಡಿದೆ. ಕೂತಲ್ಲೇ ಬೆರಳಾಡಿಸುವುದಷ್ಟೇ, ಹೊಲಕ್ಕೆ ಕಾಲಿಡುವುದೂ ಇಲ್ಲ ಎಂದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಸಮಾಧಾನದಿಂದಲೇ ಕೇಳಿಸಿಕೊಂಡರು.

"ಅದೆಲ್ಲ ಖರೇನಪ. ಆದ್ರೆ ಎತ್ತಿಗೆ ರಜಾ ಕೊಟ್ಟು ಮಗನ್ನ ಹೂಡ್ಯಾರೆ ಅಂತಾರೆ ಊರಾಗೆ."

ಮಂಗಳವಾರ ಹೊಸ ಕೆಲಸ ಬೇಡ ಎಂದಳು ಅಮ್ಮ. ಬುಧವಾರ ಅಂಗಡಿಗೆ ಗೊಬ್ಬರದ ಲಾರಿ ಬರುತ್ತದೆ. ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡಬಾರದಂತೆ, ಬರೆದದ್ದನ್ನು ಕೂಡ. ಶನಿವಾರದ ಹೆಸರೆತ್ತಿದ್ದಕ್ಕೇ ಅಮ್ಮ ದೇವರ ಕಡೆ ನೋಡಿದಳು. ಭಾನುವಾರ ಹೆಂಡತಿಯದು. ಹೀಗೆ ಗುರುವಾರವನ್ನು ನಾನು ಆರಿಸಲಿಲ್ಲ, ಯಾರಿಗೂ ಬೇಡದೆ ಉಳಿದದ್ದು ಅದೊಂದೇ.

ಬುಧವಾರದ ಮೌನ

ನಾಲ್ಕಾರು ಗುರುವಾರ ಸರಾಗವಾಗಿ ಹೋದವು. ಜನ ಓದತೊಡಗಿದರು. ಕಷ್ಟ ಶುರುವಾದದ್ದೇ ಅಲ್ಲಿಂದ.

ಕುಪ್ಪಗಡ್ಡೆ ಕಡೆಯ ರೈತರೊಬ್ಬರು ನಮ್ಮ ಹಳೆಯ ಗಿರಾಕಿ, ಮಹಾ ಮಾತುಗಾರರು. ಪಕ್ಕದ ಗದ್ದೆಯನ್ನು ತಮ್ಮದೆಂದು ತಿಳಿದು ಇಡೀ ಬೆಳಿಗ್ಗೆ ಅದಕ್ಕೆ ಗೊಬ್ಬರ ಎರಚಿ ಬಂದ ಕಥೆಯನ್ನು ಅವರೇ ನನಗೆ ಹೇಳಿದ್ದರು. ಹೆಸರು ಹಾಕದೆ ನಾನು ಅದನ್ನು ಬರೆದೆ. ಆದರೆ ಆ ವರ್ಷ ಪಕ್ಕದ ಗದ್ದೆಯವನ ಪೈರು ಕಪ್ಪುಹಸಿರಾಗಿ ನಿಂತದ್ದನ್ನು ಊರೆಲ್ಲ ನೋಡಿತ್ತು. ಹೆಸರು ಬೇಕಾಗಲೇ ಇಲ್ಲ.

ಮುಂದಿನ ಬುಧವಾರ ಅವರು ಅಂಗಡಿಗೆ ಬಂದರು. ನಮಸ್ಕಾರವಿಲ್ಲ, ಮಾತಿಲ್ಲ. ಬೆರಳಿನಿಂದ ಯೂರಿಯಾ ಚೀಲ ತೋರಿಸಿದರು, ಎರಡು ಬೇಕೆಂದು ಎರಡು ಬೆರಳೆತ್ತಿದರು. ಒಳಗಿಂದ ಬಂದ ನನ್ನ ಹೆಂಡತಿ ಗಾಬರಿಯಾಗಿ, ಗಂಟಲಿಗೆ ಏನಾಯಿತು ಎಂದು ಕೇಳಿದಳು. ಅವರು ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ಅವಳ ಹತ್ತಿರ ಬಗ್ಗಿ, ಮೆಲ್ಲಗೆ ಹೇಳಿದರು:

"ಎಂತದೂ ಆಗಿಲ್ಲ ತಂಗಿ. ಇವತ್ತು ಬುಧವಾರ ಅಲ್ದಾ? ಮಾತೆಂತ ಇದ್ರೂ ಶುಕ್ರವಾರ ಬಂದು ಆಡ್ತೀನಿ."

ಎಳನೀರು

ಒಂದು ಗುರುವಾರ ಬೆಳಗಿನ ಜಾವದಿಂದಲೇ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ. ಬರಹ ಸಿದ್ಧವಾಗಿದ್ದರೂ ಹಾಕುವ ದಾರಿಯಿಲ್ಲ. ಗಂಟೆ ಏಳು ದಾಟಿತು, ಎಂಟು ದಾಟಿತು. ಹೆಂಡತಿ ಹಾಲು ಕರೆಯುವ ಖಾಲಿ ತಂಬಿಗೆಯನ್ನು ತಂದು ನನ್ನ ಪಕ್ಕದಲ್ಲಿಟ್ಟು ಹೋದಳು. ಗುರುವಾರ ಎಂದರೆ ಹೊತ್ತು ಮುಳುಗುವವರೆಗೂ ಗುರುವಾರವೇ ಎಂದು ನಾನು ಒಳಗೆ ಕೂಗಿ ಹೇಳಿದೆ.

ಹತ್ತರ ಹೊತ್ತಿಗೆ ಬಳ್ಳಿಗಾವಿಯಿಂದ ನಮ್ಮ ಸೋದರತ್ತೆ ಬಂದಿಳಿದರು. ಕೈಯಲ್ಲಿ ಎಳನೀರು, ಮೋಸಂಬಿ, ವಿಭೂತಿಯ ಪೊಟ್ಟಣ. ಏಳಕ್ಕೆ ಬರಬೇಕಾದ ಬರಹ ಬರಲಿಲ್ಲ, ಫೋನೂ ಹತ್ತಲಿಲ್ಲ, ಹಾಗಾಗಿ ನಾನು ಆಸ್ಪತ್ರೆ ಸೇರಿದ್ದೇನೆಂದು ಖಚಿತಮಾಡಿಕೊಂಡು ಸಿಕ್ಕ ಬಸ್ ಹತ್ತಿದ್ದರು. ನಾನು ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಕಂಡದ್ದು ಸಂತೋಷ ಎಂದು ಹೇಳಲಾರೆ.

"ಇಷ್ಟು ದೂರ ನಿಂತ್ಕಂಡು ಬಂದೀನಿ. ಎಳನೀರು ಕುಡಿಯೋ ತನಕನಾದ್ರೂ ಒಂದೀಟು ಮಲ್ಕಳೋ."

ಮಲಗಿದೆ. ಮಧ್ಯಾಹ್ನ ಕರೆಂಟು ಬಂದಾಗ ಆ ವಾರದ ಬರಹವನ್ನು ಮಲಗಿಕೊಂಡೇ ಹಾಕಿದೆ.

ಮುಂಗಡ ಮದುವೆ

ಆ ಘಟನೆಯಿಂದ ಒಂದು ಬುದ್ಧಿ ಕಲಿತೆ. ಬರೆದು, ದಿನ ಮತ್ತು ಗಂಟೆ ಗೊತ್ತುಮಾಡಿಟ್ಟರೆ ಬ್ಲಾಗು ತಾನೇ ಪ್ರಕಟಿಸಿಕೊಳ್ಳುತ್ತದೆ. ಅಷ್ಟರಲ್ಲಿ ನನ್ನ ಹೆಂಡತಿಯ ತಂಗಿಯ ಮದುವೆ ಬಂತು. ಅವಳ ತವರೂರು ಜಡೆ, ಮದುವೆ ಸೊರಬದ ಛತ್ರದಲ್ಲಿ, ದಿನ ಗುರುವಾರ. ಮನೆಯ ಹಿರಿಯಳಿಯನೇ ಮದುವೆಯ ದಿನ ಫೋನು ಮುಟ್ಟಿದರೆ ತನ್ನ ಅಮ್ಮನಿಗೆ ಏನು ಉತ್ತರ ಹೇಳುವುದು ಎಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು.

ಮದುವೆಗಳೆಲ್ಲ ಒಂದೇ ಥರ, ಆಗುವುದು ಗೊತ್ತೇ ಇದೆಯಲ್ಲ ಎಂದು ಸೋಮವಾರವೇ ಆ ಮದುವೆಯ ವರದಿ ಬರೆದು ಮುಗಿಸಿದೆ. ಮೈಕು ಕಿರುಚಿತು ಎಂದೆ. ಸಾರಿಗೆ ಉಪ್ಪು ಮುಂದಾಯಿತು ಎಂದೆ. ಮುಖ್ಯವಾಗಿ ಗಂಡಿನ ಸೋದರಮಾವನ ಬಗ್ಗೆ ಬರೆದೆ. ಅವರು ಯಾವ ಮದುವೆಗೆ ಹೋದರೂ ಮುನಿಸಿಕೊಳ್ಳುತ್ತಾರೆಂದು ನಿಶ್ಚಿತಾರ್ಥದಲ್ಲೇ ಕೇಳಿದ್ದೆ. 'ಬೀಗರೊಬ್ಬರು ಊಟಕ್ಕೆ ಮೊದಲು ಮುನಿದು ಹೊರಗೆ ಹೋಗಿ ನಿಂತರು, ನಮ್ಮ ಅತ್ತೆಯವರೇ ಹೋಗಿ ಕೈಹಿಡಿದು ಕರೆತಂದರು, ಆಮೇಲೆ ತುಪ್ಪ ಹಾಕಿಸಿಕೊಂಡು ಹೋಳಿಗೆ ಉಂಡರು' ಎಂದು ಚಂದವಾಗಿ ಮುಗಿಸಿದೆ. ಸಂಜೆ ಏಳಕ್ಕೆ ಬರಲಿ ಎಂದುಕೊಂಡೆ. ಕೈ ಮಾತ್ರ ಅಭ್ಯಾಸದಂತೆ ಬೆಳಿಗ್ಗೆ ಏಳು ಒತ್ತಿತ್ತು.

ಛತ್ರದಲ್ಲಿ ಉಪ್ಪಿಟ್ಟು ಬಡಿಸುವ ಹೊತ್ತಿಗೆ ಎಲ್ಲರ ಕೈಯಲ್ಲೂ ಆ ಮದುವೆಯ ವರದಿ ಇತ್ತು. ಮುಹೂರ್ತಕ್ಕೆ ಇನ್ನೂ ನಾಲ್ಕು ಗಂಟೆ. ಅಡಿಗೆಯವರು ಸೌಟು ಹಿಡಿದು ನನ್ನನ್ನು ಹುಡುಕಿಕೊಂಡು ಬಂದು, ಸಾರಿಗೆ ಇನ್ನೂ ನೀರೇ ಇಟ್ಟಿಲ್ಲ ಎಂದರು. ಅತ್ತೆಯವರು ನನ್ನ ಜೊತೆ ಮಾತು ಬಿಟ್ಟರು. ಹೆಂಡತಿ ಮೂಲೆಗೆ ಕರೆದು ಒಂದೇ ಮಾತು ಹೇಳಿದಳು. ಆ ಸೋದರಮಾವ ಇದನ್ನು ಓದಿ ಸಿಟ್ಟಾಗಿ ಹೊರಟು, ಅವರ ಹಿಂದೆ ಗಂಡಿನ ಕಡೆಯವರೂ ಹೊರಟು, ತಂಗಿಯ ಮದುವೆಗೆ ಏನಾದರೂ ಆದರೆ, ಬ್ಲಾಗಲ್ಲ, ನನ್ನ ಮುಖವನ್ನೇ ನೋಡುವುದಿಲ್ಲ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಭಯವಾಯಿತು.

ಮಾವ ಓದಿದ್ದರು. ಆದರೆ ಸಿಟ್ಟಾಗಲಿಲ್ಲ. ನನ್ನ ಬರಹವನ್ನು ಸುಳ್ಳು ಮಾಡಬೇಕೆಂಬ ಹಟದಿಂದ ಬೆಳಗಿನಿಂದ ಎಲ್ಲರನ್ನೂ ನೋಡಿ ನಗುತ್ತಲೇ ಇದ್ದರು. ಮೈಕು ಕಿರುಚಿದಾಗ ಕೂಡ ನಕ್ಕರು. ಧಾರೆಯೂ ಆಯಿತು, ಅಕ್ಷತೆಯೂ ಬಿತ್ತು. ನಾನು ಉಸಿರುಬಿಟ್ಟೆ. ಊಟದ ಪಂಕ್ತಿ ಕೂತಾಗ ನೋಡಿದರೆ ಮಾವನ ಎಲೆಯ ಮುಂದೆ ಮಾವ ಇಲ್ಲ.

ಓಡಿದೆ. ಛತ್ರದ ಹೊರಗೆ ತಮ್ಮ ಕಾರಿಗೆ ಒರಗಿಕೊಂಡು ನಿಂತಿದ್ದರು, ಬಿಸಿಲಲ್ಲಿ ಒಬ್ಬರೇ. ಕೈಮುಗಿದು, ತಪ್ಪಾಯಿತು, ಒಳಗೆ ಬನ್ನಿ ಎಂದು ಬೇಡಿಕೊಂಡೆ. ಬರೆದದ್ದಕ್ಕೆ ಬೇಜಾರಿಲ್ಲ ಎಂದರು ಅವರು. ಬೇಜಾರು ಬೇರೆಯದು. ಬೆಳಗಿನಿಂದ ನಗುತ್ತಿದ್ದುದರಿಂದ ಇವರು ಹೇಗೂ ಖುಷಿಯಾಗಿದ್ದಾರೆ ಎಂದು ಯಾರೂ ಒಂದು ಲೋಟ ಕಾಫಿ ಬೇಕೇ ಎಂದೂ ಕೇಳಿರಲಿಲ್ಲ. ಅದಕ್ಕೇ ಕೊನೆಗೆ ಮುನಿದು ಹೊರಗೆ ಬಂದು ನಿಂತಿದ್ದರು.

"ಅರ್ಧ ಗಂಟೆ ಆತು ರೀ ನಿಂತು, ಕರೆಯಾಕೆ ಒಬ್ರೂ ಬರಲಿಲ್ಲ. ಒಳಗಿರೋ ನಮ್ಮಕ್ಕಗೆ ನಾನೇ ಫೋನ್ ಮಾಡಿ, ಇಲ್ಲಿ ಮುನಿಸ್ಕಂಡು ನಿಂತೀನಿ ಅಂದೆ. ನಿಂದು ಬೆಳಿಗ್ಗೆನೇ ಸಮಾಧಾನ ಆಗಿ, ಹೋಳಿಗೆ ಉಂಡೂ ಆಗೈತಲ್ಲ, ಓದಿದ್ವಿ ಅಂತ ಫೋನ್ ಇಟ್ಟೇಬಿಟ್ಟಳು."