ಕಾಳರಾತ್ರಿ ಮಂತ್ರವಿದ್ಯಾಲಯದ ಪ್ರಾಚಾರ್ಯರಿಗೆ: ಸತ್ಯವ್ವನ ಕಣ್ಣೀರಿನ ಠೇವಣಿ ಕುರಿತು

ಗುಡೂರು, ತಾಲೂಕು ಹುನಗುಂದ
ಕಾರ್ತಿಕ ಮಾಸ, ೧೯೮೨

ಮಾನ್ಯರೇ, ಮಹಾಮಾಂತ್ರಿಕರೇ, ಬಾದಾಮಿ ಗುಡ್ಡದ ಹಿಂಬದಿಯ ಸಮಸ್ತ ಕತ್ತಲೆಗೆ ಏಕಮಾತ್ರ ಒಡೆಯರೇ,

ಗುಡೂರಿನ ನಾಟಕದ ಮಾಸ್ತರ ಬಂಡೆಪ್ಪನಾದ ನಾನು, ಪರದೆ ಸರಿಯುವ ಮುನ್ನ ರಂಗಕ್ಕೆ ಹಣೆ ಹಚ್ಚುವ ಭಕ್ತಿಯಿಂದಲೇ, ತಮ್ಮ ಕರಾಳ ಪಾದಗಳಿಗೆ ದೂರದಿಂದ ಹಣೆ ಹಚ್ಚುತ್ತೇನೆ. ದೂರದಿಂದ ಏಕೆಂದರೆ, ಅಪ್ಪಣೆಯಿಲ್ಲದೆ ಹತ್ತಿರ ಬಂದವರನ್ನು ಹಲ್ಲಿ ಮಾಡಲಾಗುವುದೆಂದು ತಮ್ಮ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದೀರಿ, ಮತ್ತು ಈ ವಯಸ್ಸಿನಲ್ಲಿ ಗೋಡೆ ಹತ್ತುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಈ ಪತ್ರವನ್ನು ಲಕೋಟೆಗೆ ಹಾಕದೆ ಗುಡೂರು, ಹುನಗುಂದ, ಇಳಕಲ್ಲುಗಳ ಬಸ್ ನಿಲ್ದಾಣಗಳ ಗೋಡೆಗೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಲಕೋಟೆಗೆ ಹಾಕಿದ ಮೂರು ಪತ್ರಗಳಿಗೆ ತಾವು ಕೊಟ್ಟ ಉತ್ತರ ಒಂದೇ ಒಂದು. ಅದನ್ನೂ ಕಾಗೆಯ ಕಾಲಿಗೆ ಕಟ್ಟಿ, ಸತ್ತ ನನ್ನ ತಂಗಿಯ ಹೆಸರಿನಲ್ಲಿ ನಾವು ಎಡೆಯಿಟ್ಟು ಕಾಗೆಯ ದಾರಿ ಕಾಯುತ್ತಿದ್ದ ಘಳಿಗೆಯಲ್ಲಿಯೇ ಕಳಿಸಿದಿರಿ. ತಮ್ಮ ಕಾಗೆ ಎಡೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ತಿಂದು, ಮೇಲೆ ತುಪ್ಪವನ್ನೂ ಕುಡಿದು ಹೋಯಿತು. ತಂಗಿ ತೃಪ್ತಳಾಗಿ ಉಂಡಳೋ, ತಮ್ಮ ಸಿಪಾಯಿ ಹಸಿದು ಬಂದಿದ್ದನೋ ಎಂಬುದು ನಮಗೆ ಇಂದಿಗೂ ತಿಳಿದಿಲ್ಲ.

ನಾಲ್ಕು ವರ್ಷಗಳ ಹಿಂದೆ, ಆ ನನ್ನ ತಂಗಿ ಸೋಮವ್ವನ ಒಬ್ಬಳೇ ಮಗಳಾದ ಸತ್ಯವ್ವ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ನಪಾಸಾಗಿ ಮನೆ ಹಿಡಿದಾಗ, ತಮ್ಮ ವಿದ್ಯಾಲಯದಲ್ಲಿ ಊಟ ವಸತಿ ಉಚಿತ, ಗಣಿತ ಇಲ್ಲ ಎಂಬ ಸುದ್ದಿ ಕೇಳಿ ಅವಳನ್ನು ಕರೆತಂದವನು ನಾನೇ. ಇದರಲ್ಲಿ ನನ್ನ ಸ್ವಾರ್ಥವೂ ಇತ್ತೆಂಬುದನ್ನು ಈ ಗೋಡೆಯ ಮುಂದೆ ನಿಂತು ಓದುವವರೆಲ್ಲರ ಎದುರಿಗೆ ಒಪ್ಪುತ್ತೇನೆ. ನಮ್ಮ ನಾಟಕಗಳಲ್ಲಿ ರಾಕ್ಷಸನು ಮಾಯವಾಗಬೇಕಾದರೆ ಗಂಧಕದ ಹೊಗೆ ಹಾಕುತ್ತಿದ್ದೆವು. ಹೊಗೆ ಚದುರುವ ಹೊತ್ತಿಗೆ ರಾಕ್ಷಸನು ಧೋತರ ಮೊಳೆಗೆ ಸಿಕ್ಕು ಅಲ್ಲಿಯೇ ಕೆಮ್ಮುತ್ತ ನಿಂತಿರುತ್ತಿದ್ದನು. ಸೋದರಸೊಸೆ ಮಾಯಾವಿದ್ಯೆ ಕಲಿತು ಬಂದರೆ ಈ ಅವಮಾನ ತಪ್ಪೀತೆಂದು ಭಾವಿಸಿದೆನು.

ತಮ್ಮ ದರ್ಶನವಾದ ಆ ದಿನವನ್ನು ನೆನೆದರೆ ಕಲಾವಿದನಾದ ನನಗೆ ಇಂದಿಗೂ ಸಂಕಟವಾಗುತ್ತದೆ. ತಲೆಬುರುಡೆಗಳು ಚೆನ್ನಾಗಿದ್ದವು, ಕಪ್ಪು ಪರದೆಯೂ ಬೆಲೆ ಬಾಳುವಂಥದೇ. ಆದರೆ ತಾವು ಸಿಂಹಾಸನದಿಂದೆದ್ದು ಗಹಗಹಿಸಿದಿರಲ್ಲ, ಆ ನಗು ಹೊಟ್ಟೆಯಿಂದ ಬರುವ ಬದಲು ಮೂಗಿನಿಂದ ಬಂತು. ಖಳನಾಯಕನಾದವನು ಹೀಗೆ ನಕ್ಕರೆ ನಮ್ಮ ಕಡೆ ಮೂರನೆಯ ಸಾಲಿನವರು, "ಕೇಳಸವಲ್ತ್ರಿ, ಸ್ವಲ್ಪ ಗಟ್ಟಿ ನಗ್ರಿ" ಎಂದು ಕೂಗಿ, ಮರುದಿನ ಹೆಂಡಿರು ಮಕ್ಕಳನ್ನು ಕಳಿಸುವುದಿಲ್ಲ. ಅಂಥ ನಗುವನ್ನು ಕೇಳಿಯೂ ಸೊಸೆಯನ್ನು ತಮ್ಮ ಕೈಗೊಪ್ಪಿಸಿದ್ದು ನನ್ನ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಅದರ ಹಿಂದೆಯೇ ಬಂತು. ತಮ್ಮ ಗುಮಾಸ್ತನು ಬೆರಳುದ್ದದ ಶೀಸೆಯೊಂದನ್ನು ಮುಂದಿಟ್ಟು, "ಕಣ್ಣೀರು ಠೇವಣಿ ಇಡಬೇಕ್ರಿ. ಅಳೂ ಮಂದಿ ಕೈಯಾಗ ಮಾಟ ನಿಲ್ಲೂದಿಲ್ಲ. ಕಲತ ಮ್ಯಾಲ ಒಂದು ಕೆಟ್ಟ ಕೆಲಸ ಮಾಡಿ ತೋರಿಸಿದ ದಿನ ವಾಪಸ್ ಕೊಡ್ತೇವಿ" ಎಂದನು. ನಾನು ಹಿಂದೆಮುಂದೆ ನೋಡುವಷ್ಟರಲ್ಲಿ, ಹದಿನೆಂಟಕ್ಕೇ ಗಂಡನನ್ನು ಕಳಕೊಂಡು ಕಂಡವರ ಹೊಲದಲ್ಲಿ ದುಡಿದ ನನ್ನ ತಂಗಿ, "ತೊಗೊಳ್ಳಲಿ ಬಿಡಣ್ಣಾ, ಛಲೋನ ಆತು. ನಾ ಅತ್ತದ್ದ ಸಾಕು, ಇಕಿಗರೆ ಅಳೂದು ತಪ್ಪಲಿ" ಎಂದಳು. ಮಗಳಿಗೆ ಒಳ್ಳೆಯ ಸೀರೆ ಸಿಕ್ಕಿತೆಂಬಂತೆ ಅವಳ ಮುಖ ಅರಳಿತ್ತು. ತಾವು ಕಪ್ಪು ಗರಿಯೊಂದನ್ನು ಹುಡುಗಿಯ ರೆಪ್ಪೆಗೆ ಮುಟ್ಟಿಸಿ, ಅವಳು ಸಾಯುವತನಕ ಸುರಿಸಬೇಕಾಗಿದ್ದುದನ್ನೆಲ್ಲ ಆ ಶೀಸೆಗೆ ಇಳಿಸಿಕೊಂಡಿರಿ. ಪಾಲಕರು ಎಂದಿದ್ದ ಜಾಗದಲ್ಲಿ, ನಾಟಕದ ಕರಪತ್ರದಲ್ಲಿ ಹಾಕುವಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದವನು ನಾನು.

ಇನ್ನು ತಮ್ಮ ವಿದ್ಯಾದಾನದ ಫಲವನ್ನು ಹೊಗಳದೆ ಇರಲಾರೆನು. ತಾವು ಸ್ತಂಭನ ಕಲಿಸಿದ್ದು ನಡೆದಾಡುವ ಮನುಷ್ಯನನ್ನು ಕಲ್ಲಿನಂತೆ ನಿಲ್ಲಿಸಲಿಕ್ಕೆ. ನಮ್ಮ ಸತ್ಯವ್ವ ಅದರಿಂದ, ಕೈ ಮಾಡಿದರೂ ನಿಲ್ಲದೆ ಓಡುವ ಖಾಸಗಿ ಬಸ್ಸನ್ನು ಗುಡೂರು ಕ್ರಾಸಿನಲ್ಲಿ ನಿಲ್ಲಿಸಿ ಬಸುರಿಯರನ್ನು ಹುನಗುಂದದ ದವಾಖಾನೆಗೆ ಹತ್ತಿಸುತ್ತಾಳೆ, ಮತ್ತು ಕೊನೆಯ ಮುದುಕಿ ಕುಳಿತುಕೊಳ್ಳುವತನಕ ಡ್ರೈವರನ ಕಾಲು ಮೇಲೇಳುವುದಿಲ್ಲ. ವಿದ್ವೇಷಣ ಕಲಿಸಿದ್ದು ಗಂಡ ಹೆಂಡಿರಲ್ಲಿ ವೈರ ಬಿತ್ತಲಿಕ್ಕೆ. ಅವಳ ಸಹಪಾಠಿ, ನಮ್ಮೂರ ಬೀರಪ್ಪ ದೇವರ ಒಕ್ಕಲಿನ ಹುಲ್ಲಪ್ಪ, ಆ ವೈರವನ್ನು ಕುಡುಕ ಪಾಂಡಪ್ಪನಿಗೂ ಅವನ ಸೆರೆಯ ಬಾಟಲಿಗೂ ನಡುವೆ ಬಿತ್ತಿದನು. ಪಾಂಡಪ್ಪ ಈಗ ಅಂಗಡಿಯ ಮುಂದೆ ಹಾಯುವಾಗ, "ನಿನ್ನ ಮಾರಿ ನೋಡಂಗಿಲ್ಲಲೇ" ಎಂದು ಬಾಟಲಿಗೆ ಬೈದು ನೇರವಾಗಿ ಮನೆಗೆ ಹೋಗುತ್ತಾನೆ. ಇನ್ನು ಜೀವ ತೆಗೆಯುವ ಮಾರಣ. ಅವರ ಜೊತೆಗೇ ಕಲಿತ, ಇಳಕಲ್ಲಿನ ನೇಕಾರರ ಮನೆಯ ಕಾಸಿಂಬಿ ಆ ಘೋರ ಮಂತ್ರವನ್ನು ಉಚ್ಚರಿಸಿದ್ದು ಒಮ್ಮೆಯೇ, ಮೆಟ್ಟಿಲು ಬಾವಿಯ ದಂಡೆಯಲ್ಲಿ ನಿಂತು, ನಾರುಹುಣ್ಣಿನ ಹುಳುವಿನ ಮೇಲೆ. ಅಂದಿನಿಂದ ಆ ಓಣಿಯಲ್ಲಿ ಯಾರ ಕಾಲಿನಿಂದಲೂ ಹುಳು ಹೊರಬಂದಿಲ್ಲ.

ಇಂಥ ಸತ್ಪುರುಷರನ್ನೂ ಸಾಧ್ವಿಯರನ್ನೂ ತಯಾರಿಸುವ ಸಂಸ್ಥೆ ಈ ಜಿಲ್ಲೆಯಲ್ಲಿ ಮತ್ತೊಂದಿಲ್ಲ. ಸದ್ಗುಣ ಬೋಧಿಸುವ ಎಷ್ಟೋ ಶಾಲೆಗಳಿಂದ ಲಂಚಕೋರರು ಹೊರಬಿದ್ದಿರುವಾಗ, ಹನ್ನೆರಡು ತಾಸು ದುಷ್ಟತನವನ್ನೇ ಬಾಯಿಪಾಠ ಮಾಡಿಸಿ ಇಷ್ಟು ಒಳ್ಳೆಯ ಮಕ್ಕಳನ್ನು ಕೊಟ್ಟ ತಮಗೆ ಸರಕಾರವು ಶಾಲು ಹೊದಿಸಬೇಕೆಂದು ಶಿಫಾರಸು ಮಾಡುತ್ತೇನೆ. ಇದು ಹೇಗಾಯಿತೆಂದು ತಾವು ತಲೆ ಕೆರೆದುಕೊಳ್ಳುತ್ತಿದ್ದರೆ ಕಾರಣ ಹೇಳುತ್ತೇನೆ, ಕೇಳಿಸಿಕೊಳ್ಳಿರಿ. ತಾವು ನೀರನ್ನು ಸೇದಿಕೊಂಡಿರಿ, ಒರತೆಯನ್ನು ಹಾಗೇ ಬಿಟ್ಟಿರಿ. ಕೆಡುಕಿನಲ್ಲಿಯೂ ಇಷ್ಟು ಅರೆಬರೆ ಕೆಲಸ ಮಾಡುವ ಗುರುವನ್ನು ನಾನು ರಂಗದ ಮೇಲೆ ಕೂಡ ಕಂಡಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ತಮ್ಮನ್ನು ಹೊಗಳಿ ಸುಮ್ಮನಾಗುತ್ತಿದ್ದೆನು. ಹೋದ ತಿಂಗಳು ಸೋಮವ್ವ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ತಮ್ಮ ಗುಡ್ಡದ ಹಿಂದೆ ಹೆಣ ಎಂದರೆ ಪಾಠದ ಸಾಮಗ್ರಿಯಿರಬಹುದು, ನಮ್ಮ ಓಣಿಯಲ್ಲಿ ಹಾಗಲ್ಲ. ಹೆಣದ ಸುತ್ತ ಹೆಣ್ಣುಮಕ್ಕಳು ಕುಳಿತು, ಸತ್ತವಳು ಉಂಡದ್ದು, ಉಟ್ಟದ್ದು, ಪಟ್ಟದ್ದನ್ನೆಲ್ಲ ಹಾಡು ಕಟ್ಟಿ ಅಳುತ್ತಾರೆ. ಮೊದಲ ನುಡಿಯನ್ನು ಹೊಟ್ಟೆಯ ಮಗಳೇ ಎತ್ತಬೇಕು, ಅಳುತ್ತಲೇ ಎತ್ತಬೇಕು; ಅವಳು ಎತ್ತುವತನಕ ಉಳಿದವರು ದನಿ ತೆಗೆಯುವಂತಿಲ್ಲ. ಸತ್ಯವ್ವ ತಾಯಿಯ ತಲೆದೆಸೆಯಲ್ಲಿ ಕುಳಿತಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಬಿಸಿಲು ಕಟ್ಟೆಯಿಂದ ಅಂಗಳಕ್ಕಿಳಿಯಿತು, ಹೂವು ಬಾಡಿದವು, ಇಪ್ಪತ್ತು ಹೆಂಗಸರು ಅವಳ ಒಣ ಕಣ್ಣನ್ನೇ ನೋಡುತ್ತ ಕುಳಿತರು. ಕಡೆಗೆ ನೆರೆಮನೆಯ ಪದ್ಮವ್ವ, "ಏನವಾ, ಕಲ್ಲ ಆದೇನು? ಹಡದಾಕಿ ಹೊಂಟಾಳ, ಒಂದು ಹನಿ ಇಲ್ಲಲ್ಲ" ಎಂದಳು. "ಬರವಲ್ತು ಚಿಗವ್ವಾ" ಎಂದಷ್ಟೇ ಅಂದಳು ಹುಡುಗಿ. ಹಿಂದಿನಿಂದ ಯಾರೋ, "ಮಾಟದ ಸಾಲಿ ಕಲತಾಕಿಗೆ ಅವ್ವ ಎಲ್ಲಿ, ಅಪ್ಪ ಎಲ್ಲಿ" ಎಂದರು. ಮೊದಲ ನುಡಿಯನ್ನು ಪದ್ಮವ್ವನೇ ಎತ್ತಿದಳು. ಮಗಳಿದ್ದೂ ನನ್ನ ತಂಗಿ ಕಡ ತಂದ ಅಳುವಿನಲ್ಲಿ ಮಣ್ಣಿಗೆ ಹೋದಳು.

ಅಂದಿನಿಂದ ಬಸುರಿಯರು ಕ್ರಾಸಿನಲ್ಲಿ ಸತ್ಯವ್ವ ನಿಂತಿದ್ದರೆ ಬಸ್ಸು ಬಿಟ್ಟು ನಡೆದೇ ಹೋಗುತ್ತಾರೆ. ಅವಳು ಒಲೆಯ ಮುಂದೆ ಕುಳಿತು, "ಎದಿ ಮ್ಯಾಲ ಬೀಸೂ ಕಲ್ಲ ಇಟ್ಟಂಗಾಗೇತಿ ಮಾಮಾ, ಇಳಸಾಕ ಬರವಲ್ತು" ಎನ್ನುತ್ತಾಳೆ. ನಾನು ಠೇವಣಿ ಮರಳಿಸಲು ಬೇಡಿದೆನು. ತಮ್ಮ ಕಾಗೆ ತಂದ ಉತ್ತರದಲ್ಲಿ ತಾವು, ಕೆಟ್ಟ ಕೆಲಸದ ಪುರಾವೆಯಿಲ್ಲದೆ ಶೀಸೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ, ಆದರೆ ಮನೆಯಲ್ಲಿ ಸಾವಾಗಿರುವುದರಿಂದ ವಿಶೇಷ ರಿಯಾಯಿತಿಯಾಗಿ ಸಣ್ಣ ಕೆಡುಕೂ ನಡೆಯುತ್ತದೆ, ಒಂದು ಆಕಳ ಕೆಚ್ಚಲು ಬತ್ತಿಸಿದರೆ ಸಾಕು ಎಂದು ಬರೆಸಿದ್ದಿರಿ. ಆಹಾ, ಎಂಥ ಮಾತೃಹೃದಯ.

ನಾನು ಮನುಷ್ಯ, ಸ್ವಾಮೀ. ಪತ್ರ ಓದಿ ಅವಳಿಗೆ, "ಪದ್ಮವ್ವನ ಆಕಳ ಐತಲ್ಲ, ಅದು ಹ್ಯಾಂಗೂ ಮುದಿ. ನಾಕ ದಿನ ಹಾಲ ಹಿಂಡಲಿಲ್ಲಂದ್ರ ಯಾರ ಮನಿ ಮುಳಗತೈತಿ?" ಎಂದುಬಿಟ್ಟೆನು. ಆಡಿಕೊಂಡವಳ ಮೇಲಿನ ಸಿಟ್ಟೂ ಅದರಲ್ಲಿತ್ತು. ಸತ್ಯವ್ವ ಒಲೆಗೆ ಕುಳ್ಳು ತುರುಕುತ್ತ, ನನ್ನ ಮುಖ ನೋಡದೆ ಹೇಳಿದಳು: "ಆಮ್ಯಾಲೆ ಅಳು ಬಂದ್ರ ಅದು ಅವ್ವಗಲ್ಲ ಮಾಮಾ, ಆ ಆಕಳಿಗೆ ಆಗತೈತಿ."

ನಲವತ್ತು ವರ್ಷ ರಂಗದ ಮೇಲೆ ಗುಡುಗಿದ ನಾನು ಎದ್ದು ಹೋಗಿ ಈ ಪತ್ರ ಬರೆಯಲು ಕುಳಿತೆನು.

ಆದ್ದರಿಂದ ಈ ಬಿನ್ನಹ. ಬರುವ ಸೋಮವಾರ ಸೋಮವ್ವನ ತಿಂಗಳ ಎಡೆ. ಹೆಂಗಸರು ಮತ್ತೆ ಕೂಡುತ್ತಾರೆ, ಮಗಳು ನುಡಿ ಎತ್ತಲು ಅದೇ ಕೊನೆಯ ಅವಕಾಶ, ಅದರಾಚೆಗೆ ಹಾಡಿ ಅಳುವ ಪದ್ಧತಿ ನಮ್ಮಲ್ಲಿಲ್ಲ. ಭಾನುವಾರ ಮಧ್ಯಾಹ್ನ ನಾನು ತಮ್ಮ ಬಾಗಿಲಿಗೆ ಬಂದು ನಿಲ್ಲುತ್ತೇನೆ. ತಾವು ಆ ಕಪ್ಪು ಗರಿಯನ್ನೂ ಒಂದು ಖಾಲಿ ಶೀಸೆಯನ್ನೂ ತಂದು, ನನ್ನ ಕಣ್ಣೀರನ್ನು ಪೂರ್ತಿಯಾಗಿ ಇಳಿಸಿಕೊಂಡು, ಅವಳದನ್ನು ಕೊಟ್ಟು ಕಳಿಸಬೇಕು. ಸಹಿ ಹಾಕಿದವನು ನಾನು, ಒಪ್ಪಂದದ ಭಾರ ಹೊರಬೇಕಾದವನೂ ನಾನೇ.

ಮಾಲು ಹಳೆಯದೆಂದು ಮೂಗು ಮುರಿಯಬೇಡಿರಿ. ರಂಗದ ಮೇಲೆ ನಾನು ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ ದೃಶ್ಯಕ್ಕೆ ಬಾಗಲಕೋಟೆಯ ಮಂದಿ ಎದ್ದು ನಿಂತು ಅತ್ತದ್ದುಂಟು. ಆದರೆ ಅವೆಲ್ಲ ಕರವಸ್ತ್ರದೊಳಗಿನ ಉಳ್ಳಾಗಡ್ಡಿಯ ಕೃಪೆ. ಸ್ವಂತದ್ದನ್ನು ನಾನು ಬಳಸಿದ್ದು ಒಮ್ಮೆ ಮಾತ್ರ, ತಂಗಿಯ ಹೆಣದ ಮುಂದೆ, ಗಂಡಸರ ಸಾಲಿನಲ್ಲಿ ನಿಂತು, ಸೊಸೆಗೆ ಕಾಣದ ಹಾಗೆ. ಉಳಿದದ್ದು ಹೊಚ್ಚಹೊಸದು. ಇನ್ನು ಮುಂದೆ ಆ ದೃಶ್ಯವನ್ನು ಬೇರೆಯವರು ಮಾಡಲಿ, ನನಗೆ ಊರ ಗೌಡನ ಪಾತ್ರವೋ, ಹಾಸ್ಯದ ಪಾತ್ರವೋ ಸಾಕು.

ಸತ್ಯವ್ವನಿಗೆ ಈ ವಿಷಯ ತಿಳಿಸಿಲ್ಲ. ತಿಳಿದರೆ ಬೇಡವೆನ್ನುತ್ತಾಳೆ, ಹಾಗೆನ್ನುವುದನ್ನು ಅವಳಿಗೆ ಕಲಿಸಿದವರು ತಾವಲ್ಲ ಎಂಬುದಷ್ಟೇ ನನ್ನ ಸಮಾಧಾನ. ಅವಳು ಈ ಗೋಡೆಯ ಕಡೆಗೆ ಬಂದರೆ, ಓದುತ್ತ ನಿಂತಿರುವ ಸಜ್ಜನರು ದಯವಿಟ್ಟು ಅಡ್ಡ ನಿಂತುಕೊಳ್ಳಬೇಕು.

ತಮ್ಮ ವಿಶ್ವಾಸಿಯಾಗಿ ಇರಲು ಭಾನುವಾರದವರೆಗೆ ಮಾತ್ರ ಪ್ರಯತ್ನಿಸುವ,
ಬಂಡೆಪ್ಪ, ನಾಟಕದ ಮಾಸ್ತರ, ಸತ್ಯವ್ವನ ಸೋದರಮಾವ

ತಾ.ಕ.: ನನ್ನ ಕಣ್ಣೀರು ಮುಟ್ಟಿದ್ದಕ್ಕೆ ಮೊಹರು ಹಾಕಿದ ರಸೀದಿಯೊಂದನ್ನು ತಪ್ಪದೆ ಕೊಡಬೇಕು. ಮುಂದೊಂದು ದಿನ ತಾವು ತೀರಿಕೊಂಡ ಸುದ್ದಿ ಬಂದಾಗ, ಬಂಡೆಪ್ಪ ಯಾಕೆ ಅಳುತ್ತಿಲ್ಲ ಎಂದು ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಬೇಕಾಗುತ್ತದೆ.