ಉಪ್ಪಿನ ಗಂಟೂ ಬೆನ್ನು ನೋಡುವ ಯಂತ್ರವೂ

ಕತ್ತರಿಸದೆ, ಚುಚ್ಚದೆ, ಬೆನ್ನುಮೂಳೆಯನ್ನು ಬರೀ ಮುಟ್ಟಿ ನರದ ತೊಂದರೆ ಹೇಳುವ ಯಂತ್ರ ಕುಮಟೆಯ ವೈದ್ಯರೊಬ್ಬರಲ್ಲಿಗೆ ಬಂದಿದೆ ಎಂದಾಗ ನಾನು ನಕ್ಕೆ. ಬೊಂಬಾಯಿಯಲ್ಲಿ ಭೌತಶಾಸ್ತ್ರ ಓದಿದವನು ನಗದೆ ಇನ್ನೇನು ಮಾಡಬೇಕು? ನಕ್ಕದ್ದಕ್ಕೆ ಸೊಂಟ ಚಳುಕ್ ಎಂದಿತು!

ಸೊಂಟ ಹಿಡಿದು ನಾಲ್ಕು ದಿನವಾಗಿತ್ತು. ಐದೋ? ನೆನಪಿನ ವಿಷಯದಲ್ಲಿ ನಾನು ಪ್ರಮಾಣ ಮಾಡಲಾರೆ. ಸೋಮವಾರ ಹೊನ್ನಾವರದ ನಮ್ಮ ಶಾಲೆಗೆ ಇನ್ಸ್‌ಪೆಕ್ಟರರು ಬಂದು ನನ್ನ ಪಾಠ ನೋಡುವುದು ಮಾತ್ರ ಖಂಡಿತವಿತ್ತು. ಅವರು ಒಪ್ಪಿದರೆ ಹುದ್ದೆ ಕಾಯಂ. ಇಲ್ಲದಿದ್ದರೆ ಮಾವನ ತೆಂಗಿನ ತೋಟದ ಕಾವಲು!

"ಹೋಗಿ ತೋರಿಸ್ಕಂಡು ಬಪ್ಪ. ಎಂತ ಕಳ್ಕೊಳ್ಳೂದಿದೆ?" ಎಂದಳು ಹೆಂಡತಿ ಸಾವಿತ್ರಿ.

"ಬರುತ್ತೇನೆ. ಆದರೆ ಪರೀಕ್ಷೆ ಯಂತ್ರಕ್ಕೆ, ನನಗಲ್ಲ!"

ಎರಡು ಮೊನೆಯ ಆ ಯಂತ್ರ ಬೆನ್ನಿನ ಎಡಬಲಗಳ ಶಾಖದ ವ್ಯತ್ಯಾಸವನ್ನಷ್ಟೇ ಅಳೆಯುತ್ತದೆಂದು ಕೇಳಿದ್ದೆ. ನನ್ನ ನೋವು ಬಲಕ್ಕೆ. ಎಡಕ್ಕೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟುಕೊಂಡು ಹೋದರೆ ಯಂತ್ರ ಎಡವನ್ನು ತೋರಿಸಿ ಮಾನ ಕಳೆದುಕೊಳ್ಳಬೇಕು. ಆಮೇಲೆ ನಿಜ ಹೇಳಿ ಬೆನ್ನನ್ನು ವೈದ್ಯರ ಕೈಗೆ ಕೊಡುವುದು. ಅಪ್ಪಟ ವೈಜ್ಞಾನಿಕ ವಿಧಾನ!

ಆದರೆ ಕುಮಟೆಯಲ್ಲಿ ಗಂಟು ಕಾಯಿಸುವುದೆಲ್ಲಿ? ಯುದ್ಧಕಾಲದ ಬಸ್ಸು, ಪೆಟ್ರೋಲಿಲ್ಲದೆ, ಹಿಂದೆ ಕಟ್ಟಿದ ಇದ್ದಿಲ ಒಲೆಯ ಗ್ಯಾಸಿನಲ್ಲಿ ಓಡುತ್ತಿತ್ತು. ಹಳದೀಪುರದಲ್ಲಿ ಅದು ನಿಂತಾಗ ಎಲ್ಲರೂ ಇಳಿದು ದೂಡಿದರು. ನಾನು ಸೊಂಟ ಹಿಡಿದು ಪ್ರೋತ್ಸಾಹಿಸಿದೆ. ಕುಮಟೆಯಲ್ಲಿ ಇಳಿದೊಡನೆ ಗಂಟನ್ನು ಆ ಒಲೆಯ ಮೇಲಿಟ್ಟೆ.

"ಎಂತ ಮಾಸ್ತರೆ, ಬಸ್ಸಿಗೆ ಅಡುಗೆ ಮಾಡ್ತ್ರಾ?" ಎಂದ ಡ್ರೈವರ್.

"ಪ್ರಯೋಗ!" ಎಂದೆ.

ಪ್ರಯೋಗ ಸ್ವಲ್ಪ ಹೆಚ್ಚೇ ಕಾದಿತ್ತು. ವೈದ್ಯರ ಜಗಲಿಯ ಮರೆಯಲ್ಲಿ, ಜೊತೆಗೆ ಬಂದಿದ್ದ ಸಾವಿತ್ರಿ ಅದನ್ನು ನನ್ನ ಎಡ ಸೊಂಟಕ್ಕೆ ಒತ್ತಿದಳು. ನಾನು ಕೂಗಲಿಲ್ಲ. ವಿಜ್ಞಾನಕ್ಕಾಗಿ ಜನ ಇದಕ್ಕಿಂತ ಹೆಚ್ಚು ಸಹಿಸಿದ್ದಾರೆ.

"ನೋವು ಎಲ್ಲಿ?" ಕೇಳಿದರು ವೈದ್ಯರು.

"ನಿಮ್ಮ ಯಂತ್ರವೇ ಹೇಳಲಿ."

ಮೊನೆಗಳು ಬೆನ್ನಿನುದ್ದಕ್ಕೂ ಇಳಿದವು. ಸೊಂಟದ ಹತ್ತಿರ ಯಂತ್ರದ ಮುಳ್ಳು ಹಾರಿತು.

"ಎಡಕ್ಕೆ," ಎಂದರು.

"ತಪ್ಪು! ಬಲಕ್ಕೆ!" ಜಗಲಿಗೂ ಕೇಳುವಂತೆ ಘೋಷಿಸಿದೆ.

ವೈದ್ಯರು ಬಲಕ್ಕೆ ಒತ್ತಿದರು. ಎಡದ ಉರಿಯಲ್ಲಿ ಬಲದ ನೋವು ತಿಳಿಯಲೇ ಇಲ್ಲ. ಎಡಕ್ಕೆ ಬೆರಳು ತಾಗಿಸಿದರು.

"ಅಯ್ಯಯ್ಯೋ!"

ಬಾಗಿಲಲ್ಲಿ ಕಾದಿದ್ದ ಮೀನು ಮಾರುವ ಮುದುಕಿ ಗದ್ದಕ್ಕೆ ಕೈಯಿಟ್ಟಳು. "ಓದ್ದವ್ರೇ ಅಲ್ದಾ ಒಡೆಯಾ? ನೋವು ಎಲ್ಲದೆ ಅಂತ ನಿಮ್ಗೇ ಗೊತ್ತಿಲ್ಲ, ಪೆಟ್ಗಿಗೆ ಗೊತ್ತದೆ!"

ನನಗೇ ಸಂಶಯ ಹುಟ್ಟಿತು. ಇಷ್ಟು ದಿನ ತಪ್ಪು ಬದಿಯನ್ನು ನೆನಪಿಟ್ಟುಕೊಂಡು ನರಳಿದೆನೇ? "ಸಾವಿತ್ರೀ, ಬಲಕ್ಕಲ್ಲವೇ?"

"ನಂಗೆಂತ ಗೊತ್ತು? ನೀವು ಎಲ್ಲಾ ಬದಿಗೂ ನರಳ್ತೀರಿ!"

ವೈದ್ಯರು ಬಾಗಿ ನೋಡಿದರು. ಗಂಟಿನ ಬಟ್ಟೆಯ ನೇಯ್ಗೆ ಚರ್ಮದ ಮೇಲೆ ಕೆಂಪಗೆ ಅಚ್ಚಾಗಿತ್ತು. "ಯಂತ್ರ ಸುಟ್ಟ ಜಾಗ ತೋರಿಸಿದೆ. ನೀವು ಬಾಯಿ ಬಿಟ್ಟಿದ್ದರೆ ಯಂತ್ರವೇ ಬೇಡವಾಗಿತ್ತು. ಸುಟ್ಟ ಗಾಯ ಮಾಯದೆ ನಾನು ಬೆನ್ನಿಗೆ ಕೈ ಹಚ್ಚುವುದಿಲ್ಲ. ಎಂಟು ದಿನ ಬಿಟ್ಟು ಬನ್ನಿ."

ಸೋಮವಾರ ಎಂಟು ದಿನ ಕಾಯಲಿಲ್ಲ!

ಎಡಕ್ಕೆ ವಾಲಿದರೆ ಉರಿ, ಬಲಕ್ಕೆ ವಾಲಿದರೆ ಚಳುಕು. ಇನ್ಸ್‌ಪೆಕ್ಟರರ ಮುಂದೆ ಕಂಬದಂತೆ ನೆಟ್ಟಗೆ ನಿಂತು ಪಾಠ ಮಾಡಿದೆ. ಸೀಮೆಸುಣ್ಣ ಕೈಜಾರುವ ತನಕ ಎಲ್ಲ ಚೆನ್ನಾಗಿತ್ತು. ನಾನು ಅದನ್ನು ನೋಡಿದೆ. ತರಗತಿ ನನ್ನನ್ನು ನೋಡಿತು. ಕೊನೆಗೆ ಇನ್ಸ್‌ಪೆಕ್ಟರರೇ ಎದ್ದು ಬಂದು ಅದನ್ನೆತ್ತಲು ಬಾಗಿದರು. ಬಾಗಿದವರು ಬಾಗಿಯೇ ಉಳಿದರು!

"ಮಾಸ್ತರೇ," ನೆಲ ನೋಡುತ್ತಲೇ ಕೇಳಿದರು, "ಈ ಕಡೆ ಸೊಂಟಕ್ಕೆ ಒಳ್ಳೆಯ ವೈದ್ಯರು ಯಾರಾದರೂ?"

"ಕುಮಟೆಯಲ್ಲಿದ್ದಾರೆ ಸಾಹೇಬರೇ," ಎಂದಿತು ನನ್ನ ಬಾಯಿ. "ಅದ್ಭುತ ಯಂತ್ರ! ಸುಳ್ಳು ಹೇಳುವುದೇ ಇಲ್ಲ!"

ಹುದ್ದೆ ಕಾಯಂ ಆಯಿತು. ಪಾಠಕ್ಕೋ ಶಿಫಾರಸಿಗೋ ತಿಳಿಯದು. ತಿಳಿದಿದ್ದರೂ ಮರೆತಿರುತ್ತೇನೆ.