ಕ್ರಯ ಕೇಳುವ ಮಾವ

ನನ್ನ ಮಾವನ ಕಾಯಿಲೆ ಯಾವ ಡಾಕ್ಟರಿಗೂ ಸಿಕ್ಕಿಲ್ಲ. ನನಗೆ ಮಾತ್ರ ಗೊತ್ತು: ಮದ್ದಿನ ಕ್ರಯ ಕೇಳದಿದ್ದರೆ ಅವರಿಗೆ ಉಸಿರು ಕಟ್ಟುತ್ತದೆ! ನನ್ನ ಅಮ್ಮನ ತಮ್ಮ. ಉಡುಪಿ ಬಿಟ್ಟು ಬಂದು ಗಲ್ಫಿನ ಈ ಮನಾಮಾದಲ್ಲಿ ಎ.ಸಿ. ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವರು. ಇಲ್ಲಿ ಮದ್ದಿಗೆ ಸರಕಾರವೇ ಬೆಲೆ ಕಟ್ಟುತ್ತದೆ, ಅದಕ್ಕಿಂತ ಹೆಚ್ಚು ಯಾರೂ ಕೇಳುವಂತಿಲ್ಲ ಎಂದು ಯಾರೋ ಹೇಳಿದ್ದೇ ತಡ, ಆ ಕಾನೂನು ಕಾಯುವ ಕೆಲಸವನ್ನು ಸಂಬಳವಿಲ್ಲದೆ ವಹಿಸಿಕೊಂಡರು.

ಮೊನ್ನೆ ನನ್ನ ಕೆಮ್ಮಿಗೆಂದು ಡಾಕ್ಟರ ಬಳಿ ಹೊರಟರೆ ಇವರೂ ಹೊರಟರು. ಕರೆದವರು ಯಾರು? ಯಾರೂ ಇಲ್ಲ! ಮಂಗಳೂರಿನವರೇ ಆದ ಡಾಕ್ಟರು ಮದ್ದು ಬರೆಯಲು ಪೆನ್ನು ಎತ್ತುವ ಮೊದಲೇ ಮಾವ, "ಅದರ ಕ್ರಯ ಎಷ್ಟು ಡಾಕ್ಟ್ರೇ?" ಎಂದರು.

"ನನಗೆಂತ ಗೊತ್ತು ಮಾರಾಯ್ರೆ? ಮೆಡಿಕಲ್‌ನಲ್ಲಿ ಕೇಳಿ."

"ಮೀನಿನವಳು ಸಹ ಕ್ರಯ ಹೇಳಿಯೇ ಬುಟ್ಟಿಯಿಂದ ಬಂಗುಡೆ ತೆಗಿಯುದು!"

ನಾಚಿಕೆಗೆ ನನ್ನ ಕೆಮ್ಮು ಅಲ್ಲಿಯೇ ಅರ್ಧ ವಾಸಿಯಾಯಿತು.

ಅಲ್ಲಿಂದ ಸೆಗಯಾ ಬಡಾವಣೆಯ ಮೆಡಿಕಲ್‌ಗೆ. ಮಾವ ಸಾಲಿನಲ್ಲಿ ಮುಂದೆ ನಿಂತಿದ್ದ ಗಿರಿಜಾ ಮೀಸೆಯ ಪಠಾಣ ಡ್ರೈವರನ ಕೈಯಿಂದ ಡಬ್ಬಿ ತೆಗೆದುಕೊಂಡು, ಮೇಲಿದ್ದ ಬೆಲೆಚೀಟಿ ಓದಿ, "ಫಿಕರ್ ಮತ್ ಕರೋ ಭಾಯ್, ಬವಾಸೀರ್ ಕಾ ಯಹೀ ರೇಟ್ ಹೈ!" ಎಂದು, ಬೆಲೆ ಸರಿಯಾಗಿಯೇ ಇದೆಯೆಂಬ ಧೈರ್ಯ ಹೇಳಿದರು. ಮೂಲವ್ಯಾಧಿಯ ಗುಟ್ಟು ಇಡೀ ಸಾಲಿಗೆ ತಿಳಿಯಿತು. ಪಾಪ, ಆ ಮನುಷ್ಯ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಓಡಿದ. ಅಂಗಡಿಯ ಮಲಯಾಳಿ ತಲೆಯ ಮೇಲೆ ಕೈಹೊತ್ತು ಕೂತ.

ಆಮೇಲೆ ಮಾವ ಅತ್ತೆಯ ಬಿ.ಪಿ. ಮಾತ್ರೆ ಕೊಂಡರು. ಅವರ ಫ್ಲಾಟಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತುಬಿಟ್ಟರು. ನೋಡಿದರೆ, ಡಬ್ಬಿಯ ಬೆಲೆಚೀಟಿಗೆ ಎಂಜಲು ಹಚ್ಚಿ ಉಗುರಿನಿಂದ ಕೆರೆಯುತ್ತಿದ್ದಾರೆ!

"ಇದೆಂತ ಮಾವ? ಕಾನೂನು ಎಲ್ಲಿ ಹೋಯ್ತು?"

"ಮೆಲ್ಲ ಮಾತಾಡು! ಕ್ರಯ ಕಂಡ್ರೆ ನಿನ್ನ ಅತ್ತೆ ದಿನಾರನ್ನು ರೂಪಾಯಿ ಮಾಡಿ ಲೆಕ್ಕ ಹಾಕ್ತಾಳೆ. ಮತ್ತೆ ಉಳಿಸ್ಲಿಕ್ಕೆ ಅರ್ಧರ್ಧ ಮಾತ್ರೆ ತಿಂತಾಳೆ. ಆ ಸಲ ಅಡಿಗೆಕೋಣೆಯಲ್ಲಿ ಬಿದ್ದದ್ದು ಹಾಗೆಯೇ."

ನಗಲು ತೆರೆದಿದ್ದ ಬಾಯಿ ಮುಚ್ಚಿಕೊಂಡು ಡಬ್ಬಿಯನ್ನು ಕೈಗೆ ತೆಗೆದುಕೊಂಡೆ. ಉಳಿದ ಚೂರನ್ನು ನಾನೇ ಕೆರೆದು ತೆಗೆದೆ.

ಬಾಗಿಲು ತೆರೆದ ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನನ್ನೇ ಕೇಳಿದರು: "ಇದಕ್ಕೆ ಕ್ರಯ ಎಷ್ಟಾಯ್ತು?"

ಊರಿಗೆಲ್ಲ ಕ್ರಯ ಸಾರುವ ಮಾವ, ಮೊದಲ ಸಲ ನೋಡುವವರಂತೆ ಗೋಡೆಯ ಎ.ಸಿ.ಯನ್ನು ನೋಡುತ್ತ ನಿಂತಿದ್ದರು.

"ಎರಡು ಕಪ್ ಚಾದ ಕ್ರಯ ಅತ್ತೆ," ಎಂದೆ.

"ಅಷ್ಟೆಯಾ? ಹಾಗಾದ್ರೆ ಇಡೀ ಮಾತ್ರೆ ತಿನ್ಲಿಕ್ಕೆ ಅಡ್ಡಿಲ್ಲ," ಎಂದು ಅತ್ತೆ ನೀರು ತರಲು ಒಳಗೆ ಹೋದರು.